ಇಂಜಿನ್ ಬದಲಾಯಿಸಿದ ಜೀಪು ಚಾಲೂ ಆಗದಿದ್ದಾಗ: ದೋಷ ಹುಡುಕುವ ಕ್ರಮ ರೈತನಿಗೂ ತಿಳಿದಿರಲಿ

ಮಲೆನಾಡಿನ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಜೀಪು ವಿಲಾಸದ ವಸ್ತುವಲ್ಲ. ನೇಗಿಲು, ಪಂಪ್‌ಸೆಟ್ಟುಗಳಂತೆ ಅದೂ ಒಂದು ಕೃಷಿ ಉಪಕರಣವೇ. ಗೊಬ್ಬರದ ಚೀಲ ತೋಟದ ಮೇಲಿನ ತುದಿ ಸೇರಬೇಕಾದರೆ, ಕೊಯ್ದ ಕಾಫಿ ಹಣ್ಣು ಅಂದೇ ಸಂಜೆ ಪಲ್ಪರಿಗೆ ಬರಬೇಕಾದರೆ, ಮಳೆಗಾಲದ ನಡುರಾತ್ರಿ ರೋಗಿಯೊಬ್ಬರು ಆಸ್ಪತ್ರೆ ತಲುಪಬೇಕಾದರೆ, ಆ ಒಂದು ವಾಹನ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಗಬೇಕು.

ಇಂತಹ ಜೀಪುಗಳಲ್ಲಿ ಬಹಳಷ್ಟು ಹಳೆಯವು. ಚಾಸಿ ಇನ್ನೂ ಗಟ್ಟಿಯಾಗಿರುತ್ತದೆ, ಆದರೆ ಇಂಜಿನ್ ಸವೆದು ಹೋಗಿರುತ್ತದೆ. ಹೊಸ ವಾಹನದ ಬೆಲೆ ಕೈಗೆಟುಕದಾಗ ರೈತರು ಬೇರೊಂದು ಇಂಜಿನ್ ಕೂಡಿಸುವುದು ವಾಡಿಕೆ. ಡೀಸೆಲ್ ಇಂಜಿನ್ನಿನ ಜಾಗದಲ್ಲಿ ಇನ್ನೊಂದು ಡೀಸೆಲ್ ಇಂಜಿನ್ ಬರುವುದುಂಟು. ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂಡಿಸುವುದೂ ಉಂಟು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣ ತೆತ್ತು ಇಂಜಿನ್ ಹಾಕಿಸಿ ಮನೆಗೆ ತಂದ ವಾಹನ ಮರುದಿನ ಬೆಳಿಗ್ಗೆ ಮಿಸುಕಾಡದೆ ನಿಂತಾಗ ನಡೆಯುವುದೇನು? ಮೊದಲು ಬ್ಯಾಟರಿ ಬದಲಾಗುತ್ತದೆ. ಅನಂತರ ಸ್ಟಾರ್ಟರ್ ಮೋಟಾರು ಬದಲಾಗುತ್ತದೆ. ಅದಾದ ಮೇಲೆ ಇಂಜಿನ್ನೇ ಸರಿಯಿಲ್ಲವೆಂಬ ಮಾತು ಹೊರಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂತಹ ಸಂದರ್ಭಕ್ಕೆಂದೇ ಹುಟ್ಟಿರಬೇಕು.

ಈ ಲೇಖನದ ಅಭಿಪ್ರಾಯ ಇಷ್ಟೆ. ಇಂಜಿನ್ ಬದಲಾಯಿಸಿದ ಮೇಲೆ ವಾಹನ ಚಾಲೂ ಆಗದಿದ್ದರೆ ದೋಷವನ್ನು ಮೊದಲು ಹುಡುಕಬೇಕಾದುದು ಬಿಡಿಭಾಗಗಳಲ್ಲಿ ಅಲ್ಲ, ಅವುಗಳನ್ನು ಕೂಡಿಸುವ ತಂತಿ, ಜೋಡಣೆ ಮತ್ತು ಅರ್ತಿಂಗ್‌ನಲ್ಲಿ. ಅದನ್ನು ಹುಡುಕುವ ಕ್ರಮ ಕಷ್ಟದ್ದಲ್ಲ. ಪಂಪ್‌ಸೆಟ್ಟಿನ ಫ್ಯೂಸು ಹಾಕಬಲ್ಲ ರೈತ ಅದನ್ನು ಕಲಿಯಬಲ್ಲ, ಮತ್ತು ಕಲಿಯಲೇಬೇಕು.

ದೋಷ ಹುಟ್ಟುವುದು ಎರಡು ಕಸುಬುಗಳ ನಡುವೆ

ನಮ್ಮ ಊರುಗಳಲ್ಲಿ ಇಂಜಿನ್ ಇಳಿಸಿ ಏರಿಸುವ ಮೆಕ್ಯಾನಿಕ್ ಬೇರೆ, ವಯರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಬೇರೆ. ಇಬ್ಬರ ಅಂಗಡಿಯೂ ಬೇರೆ, ಕೂಲಿಯೂ ಬೇರೆ. ಇಂಜಿನ್ ಇಳಿಸುವಾಗ ಮೆಕ್ಯಾನಿಕ್ ಹತ್ತಾರು ತಂತಿಗಳನ್ನು ಕಳಚುತ್ತಾನೆ. ಅವುಗಳಿಗೆ ಗುರುತು ಹಾಕುವುದು ತನ್ನ ಕೆಲಸವೆಂದು ಅವನು ಭಾವಿಸುವುದಿಲ್ಲ. ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಹಳೆಯ ಇಂಜಿನ್ ಗುಜರಿಗೆ ಹೋಗಿರುತ್ತದೆ. ಯಾವ ತಂತಿ ಎಲ್ಲಿತ್ತೆಂದು ನೋಡಲು ಮಾದರಿಯೇ ಇರುವುದಿಲ್ಲ. ಒಬ್ಬನು ಬೋಲ್ಟು ಬಿಗಿ ಮಾಡಿದ್ದಾನೆ, ಇನ್ನೊಬ್ಬನು ತಂತಿ ಕೂಡಿಸಿದ್ದಾನೆ. ಆದರೆ ಬೋಲ್ಟಿನ ಅಡಿಯಲ್ಲಿ ಬಣ್ಣ ಕೆರೆದು ಅರ್ತಿಂಗ್ ಪಟ್ಟಿ ಕೂಡಿಸಿದವರು ಯಾರು? ಹಲವು ವೇಳೆ ಯಾರೂ ಅಲ್ಲ. ಇಬ್ಬರೂ ಕೆಲಸಗಳ್ಳರೆಂದು ಇದರ ಅರ್ಥವಲ್ಲ. ಎರಡು ಹೊಲಗಳ ನಡುವಿನ ಬದುವಿನಲ್ಲಿ ಕಳೆ ಬೆಳೆಯುವಂತೆ, ಎರಡು ಕಸುಬುಗಳ ನಡುವಿನ ಜಾಗದಲ್ಲಿ ದೋಷ ಬೆಳೆಯುತ್ತದೆ. ಆ ಬದುವಿನ ಮೇಲೆ ನಿಲ್ಲಬಲ್ಲವನು ವಾಹನದ ಮಾಲೀಕನೊಬ್ಬನೇ.

ದೀಪ ಉರಿದರೆ ಎಲ್ಲವೂ ಸರಿಯೆ?

"ದೀಪ ಚೆನ್ನಾಗಿ ಉರಿಯುತ್ತದೆ, ಹಾರನ್ ಕೂಗುತ್ತದೆ, ಆದ್ದರಿಂದ ಕರೆಂಟು ಸರಿಯಾಗಿದೆ." ಈ ವಾದವನ್ನು ನೀವು ಕೇಳಿರಬಹುದು. ಇದು ತಪ್ಪು ವಾದ. ಕಾರಣವನ್ನು ನಿಮ್ಮ ತೋಟದ ಪಂಪ್‌ಸೆಟ್ಟಿನಿಂದಲೇ ತಿಳಿಯಬಹುದು. ವಿದ್ಯುತ್ ಲೈನಿನ ಕೊನೆಯಲ್ಲಿರುವ ಮನೆಯಲ್ಲಿ ಸಂಜೆಯ ದೀಪ ಉರಿಯುತ್ತದೆ. ಆದರೆ ಮೋಟಾರು ಹಾಕಿದೊಡನೆ ದೀಪ ಮಂಕಾಗುತ್ತದೆ, ಮೋಟಾರು ಗುಂಯ್ ಎಂದು ನಿಲ್ಲುತ್ತದೆ. ಪ್ರವಾಹ ಕಡಿಮೆ ಇದ್ದಾಗ ಕಾಣದ ಕೊರತೆ, ಪ್ರವಾಹ ಹೆಚ್ಚಾದಾಗ ಕಾಣಿಸಿಕೊಳ್ಳುತ್ತದೆ.

ಜೀಪಿನಲ್ಲಿಯೂ ಹೀಗೆಯೇ. 21 ವಾಟಿನ ಒಂದು ಬಲ್ಬು 12 ವೋಲ್ಟಿನಲ್ಲಿ ಎಳೆಯುವ ಪ್ರವಾಹ ಎರಡು ಆಂಪಿಯರಿಗೂ ಕಡಿಮೆ. ಡೀಸೆಲ್ ಇಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ಎಳೆಯುವುದು 200ರಿಂದ 400 ಆಂಪಿಯರ್. ಈಗ ಒಂದು ಜೋಡಣೆಯಲ್ಲಿ ತುಕ್ಕು ಅಥವಾ ಬಣ್ಣದಿಂದಾಗಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ನಿರೋಧ ಉಂಟಾಗಿದೆ ಎಂದುಕೊಳ್ಳಿ. ಬಲ್ಬಿನ ಪ್ರವಾಹ ಅದರ ಮೂಲಕ ಹರಿದಾಗ ನಷ್ಟವಾಗುವ ವೋಲ್ಟೇಜು ಲೆಕ್ಕಕ್ಕೇ ಬಾರದು. ಆದರೆ 300 ಆಂಪಿಯರ್ ಹರಿಯಬೇಕಾದಾಗ ಅದೇ ಜೋಡಣೆ 3 ವೋಲ್ಟುಗಳನ್ನು ನುಂಗಿಬಿಡುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ 3 ವೋಲ್ಟು ಹೋಯಿತೆಂದರೆ ಕಾಲು ಭಾಗವೇ ಹೋದಂತೆ. ಇಂತಹ ಜೋಡಣೆ ಇರುವವರೆಗೆ ಎಷ್ಟು ಹೊಸ ಬ್ಯಾಟರಿ ತಂದರೂ ಪ್ರಯೋಜನವಿಲ್ಲ.

ಪೆಟ್ರೋಲಿನಿಂದ ಡೀಸೆಲ್ಲಿಗೆ ಬದಲಾಯಿಸಿದ ವಾಹನಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹಳೆಯ ಪೆಟ್ರೋಲ್ ಜೀಪಿನ ಇಂಜಿನ್ ಗಾಳಿಯನ್ನು ಸುಮಾರು ಏಳನೆಯ ಒಂದು ಭಾಗಕ್ಕೆ ಅದುಮುತ್ತಿತ್ತು. ಡೀಸೆಲ್ ಇಂಜಿನ್ ಅದನ್ನು 16ರಿಂದ 22ನೆಯ ಒಂದು ಭಾಗಕ್ಕೆ ಅದುಮಬೇಕು. ತಿರುಗಿಸಲು ಬೇಕಾಗುವ ಶಕ್ತಿ ಬಹಳ ಹೆಚ್ಚು. ಆದ್ದರಿಂದ ಹಳೆಯ ಬ್ಯಾಟರಿ, ಹಳೆಯ ಕೇಬಲ್ಲುಗಳನ್ನೇ ಉಳಿಸಿಕೊಂಡು ಡೀಸೆಲ್ ಇಂಜಿನ್ ತಿರುಗಲೆಂದು ಬಯಸುವುದು, ಅರ್ಧ ಅಂಗುಲದ ಪೈಪಿನಲ್ಲಿ ಇಡೀ ಗದ್ದೆಗೆ ನೀರು ಹಾಯಿಸಿದಂತೆ. ಡೀಸೆಲ್ ಜೀಪಿನ ಸ್ಟಾರ್ಟರ್ ಕೇಬಲ್ಲು 50 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಿರುವುದು ಒಳ್ಳೆಯದು. ಅರ್ತಿಂಗ್ ಕೇಬಲ್ಲೂ ಅಷ್ಟೇ ದಪ್ಪವಿರಬೇಕು. ಹೋದ ಕರೆಂಟೆಲ್ಲ ಹಿಂದಿರುಗಿ ಬರಬೇಕಾದುದು ಅದರ ಮೂಲಕವೇ.

ಮೊದಲು ಬೇಕಾದ ಸಾಧನ ಮತ್ತು ಎಚ್ಚರಿಕೆ

ಎರಡೇ ಸಾಧನಗಳು ಸಾಕು. ಒಂದು, ಪರೀಕ್ಷಾ ದೀಪ. 12 ವೋಲ್ಟ್, 21 ವಾಟಿನ ಇಂಡಿಕೇಟರ್ ಬಲ್ಬನ್ನು ಹೋಲ್ಡರಿನಲ್ಲಿ ಹಾಕಿ, ಎರಡು ಉದ್ದನೆಯ ತಂತಿ ಮತ್ತು ಎರಡು ಕ್ಲಿಪ್ಪು ಸೇರಿಸಿದರೆ ಅದು ಸಿದ್ಧ. ಇನ್ನೊಂದು, ಡಿಜಿಟಲ್ ಮಲ್ಟಿಮೀಟರ್. ಕೆಲವೇ ನೂರು ರೂಪಾಯಿಗಳಿಗೆ ಸಿಗುತ್ತದೆ. ಅದನ್ನು ಡಿ.ಸಿ. 20 ವೋಲ್ಟಿನ ಗುರುತಿಗೆ ತಿರುಗಿಸಿ ಬಳಸಬೇಕು.

ಕೆಲಸಕ್ಕೆ ಮುನ್ನ ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಗಳಿಗೆ ಕಲ್ಲು ಕೊಡಿ. ಕೈಯ ಉಂಗುರ, ಲೋಹದ ವಾಚು ತೆಗೆದಿಡಿ. ಬ್ಯಾಟರಿಯಿಂದ ಉರಿಯುವ ಅನಿಲ ಹೊರಡುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಬ್ಯಾಟರಿ ಬಿಚ್ಚುವಾಗ ಅರ್ತಿಂಗ್ ಕಡೆಯ ತಂತಿಯನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಕೊನೆಗೆ ಕೂಡಿಸಬೇಕು. ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ನಡುವೆ ಒಂದು ನಿಮಿಷ ಬಿಡುವು ಕೊಡಬೇಕು.

ಅನಂತರ ಬ್ಯಾಟರಿಯ ಸ್ಥಿತಿ ನೋಡಿ. ಇಂಜಿನ್ ಕೆಲಸಕ್ಕೆಂದು ವಾಹನ ಮೂರು ನಾಲ್ಕು ವಾರ ನಿಂತಿದ್ದರೆ ಬ್ಯಾಟರಿ ತಾನಾಗಿಯೇ ಇಳಿದಿರುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ. ಪೂರ್ಣ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ತೋರಿಸಿದರೆ ಅರ್ಧ ಚಾರ್ಜು. 12ಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಖಾಲಿ. ಬ್ಯಾಟರಿಯನ್ನು ಪೂರ್ಣ ಚಾರ್ಜು ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಲಕ್ಷಣ ನೋಡಿ ರೋಗ ತಿಳಿಯಿರಿ

ಪಶುವೈದ್ಯರು ದನದ ಮೈ ಮುಟ್ಟುವ ಮೊದಲು ದೂರ ನಿಂತು ನೋಡುತ್ತಾರೆ. ನೀವೂ ಹಾಗೆಯೇ ಮಾಡಿ. ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ, ಕೀಲಿ ತಿರುಗಿಸಿ. ಕಾಣುವ ಲಕ್ಷಣ ಮೂರರಲ್ಲಿ ಒಂದಾಗಿರುತ್ತದೆ.

1. ಯಾವ ಸದ್ದೂ ಇಲ್ಲ, ದೀಪವೂ ಮಂಕಾಗುವುದಿಲ್ಲ.
2. ಟಕ್ ಎಂಬ ಸದ್ದು ಮಾತ್ರ ಬರುತ್ತದೆ, ಅಥವಾ ಇಂಜಿನ್ ಏದುಸಿರು ಬಿಡುವಂತೆ ನಿಧಾನವಾಗಿ ತಿರುಗುತ್ತದೆ.
3. ಇಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ.

ಈ ಮೂರಕ್ಕೂ ಕಾರಣಗಳು ಬೇರೆ ಬೇರೆ. ಇವನ್ನು ಬೆರೆಸಿಕೊಂಡರೆ ದಿನವಿಡೀ ಹುಡುಕಿದರೂ ದೋಷ ಸಿಗದು. ಸ್ಟಾರ್ಟರ್ ಮೋಟಾರು ತಾನು ಮಾತ್ರ ಗಿರ್ರೆಂದು ತಿರುಗಿ ಇಂಜಿನ್ ತಿರುಗದಿದ್ದರೆ ಅದು ವಿದ್ಯುತ್ ದೋಷವಲ್ಲ. ಸ್ಟಾರ್ಟರಿನ ಪಿನಿಯನ್ ಫ್ಲೈವೀಲಿನ ಹಲ್ಲಿಗೆ ಕೂಡುತ್ತಿಲ್ಲ. ಬೇರೆ ಇಂಜಿನ್ನಿನ ಸ್ಟಾರ್ಟರ್ ಕೂಡಿಸಿದಾಗ ಹೀಗಾಗುವುದುಂಟು.

ಸದ್ದೇ ಇಲ್ಲದಿದ್ದರೆ

ಸ್ಟಾರ್ಟರಿನ ಮೇಲಿರುವ ಸಾಲಿನಾಯ್ಡಿಗೆ ಎರಡು ಬಗೆಯ ತಂತಿ ಬರುತ್ತದೆ. ಬ್ಯಾಟರಿಯಿಂದ ನೇರವಾಗಿ ಬರುವ ದಪ್ಪ ಕೇಬಲ್ಲು ಒಂದು. ಕೀಲಿ ಸ್ವಿಚ್ಚಿನಿಂದ ಬರುವ ತೆಳು ತಂತಿ ಇನ್ನೊಂದು. ಪರೀಕ್ಷಾ ದೀಪದ ಒಂದು ಕ್ಲಿಪ್ಪನ್ನು ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ದಪ್ಪ ಕೇಬಲ್ಲಿನ ತುದಿಗೆ ಮುಟ್ಟಿಸಿ. ದೀಪ ಯಾವಾಗಲೂ ಉರಿಯಬೇಕು. ಬಳಿಕ ತೆಳು ತಂತಿಯ ತುದಿಗೆ ಮುಟ್ಟಿಸಿ ಕೀಲಿ ತಿರುಗಿಸಲು ಹೇಳಿ. ತಿರುಗಿಸಿದಾಗ ಮಾತ್ರ ಉರಿಯಬೇಕು. ದಪ್ಪ ಕೇಬಲ್ಲಿನಲ್ಲಿ ಉರಿದು ತೆಳು ತಂತಿಯಲ್ಲಿ ಉರಿಯದಿದ್ದರೆ ದೋಷ ಸ್ಟಾರ್ಟರಿನಲ್ಲಿಲ್ಲ. ಕೀಲಿ ಸ್ವಿಚ್ಚು, ಫ್ಯೂಸು, ರಿಲೇ ಅಥವಾ ನಡುವಿನ ತಂತಿಯಲ್ಲಿದೆ. ಶೆಡ್ಡಿನಲ್ಲಿ ನಿಂತಿದ್ದ ವಾಹನದ ತಂತಿಯನ್ನು ಇಲಿ ಕಡಿದಿರುವುದೂ ಅಪರೂಪವಲ್ಲ. ಕ್ಲಚ್ ಒತ್ತಿದರೆ ಮಾತ್ರ ಚಾಲೂ ಆಗುವ ಸ್ವಿಚ್ಚು ಇರುವ ವಾಹನವಾದರೆ ಅದರ ತಂತಿಯನ್ನು ಮರೆತಿರಬಹುದು.

ಈ ಪರೀಕ್ಷೆಯಲ್ಲಿ ದೀಪ ಎಲ್ಲಿಯೂ ಉರಿಯದಿದ್ದರೆ, ಇಂಜಿನ್ನಿಗೆ ಕಚ್ಚಿಸಿದ ಕ್ಲಿಪ್ಪನ್ನು ಬಿಡಿಸಿ ಬ್ಯಾಟರಿಯ ಋಣ ಧ್ರುವಕ್ಕೆ ಕಚ್ಚಿಸಿ ನೋಡಿ. ಈಗ ಉರಿದರೆ ಇಂಜಿನ್ನಿಗೆ ಅರ್ತಿಂಗ್ ಇಲ್ಲವೆಂದೇ ಅರ್ಥ. ಅಂದರೆ ಮುಂದೆ ಹೇಳುವ ದೋಷ.

ಟಕ್ ಎಂದು ನಿಂತರೆ ಅರ್ತಿಂಗ್ ನೋಡಿ

ಇಂಜಿನ್ ಬದಲಾಯಿಸಿದ ವಾಹನಗಳಲ್ಲಿ ಬಹಳ ಸುಲಭವಾಗಿ ಮರೆತುಹೋಗುವ ಭಾಗವೆಂದರೆ ಇದು. ಇಂಜಿನ್ ಚಾಸಿಯ ಮೇಲೆ ರಬ್ಬರಿನ ಮೌಂಟಿಂಗ್‌ಗಳ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಬ್ಯಾಟರಿಯ ಋಣ ಧ್ರುವ ಚಾಸಿಗೆ ಸೇರಿದ್ದರೂ, ಚಾಸಿಯಿಂದ ಇಂಜಿನ್ನಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ಇಂಜಿನ್ ಇಳಿಸುವಾಗ ಕಳಚಿದ ಈ ಪಟ್ಟಿ ಹಳೆಯ ಇಂಜಿನ್ನಿನೊಡನೆಯೇ ಗುಜರಿಗೆ ಹೋಗಬಹುದು. ಇಲ್ಲವೇ ಹೊಸದಾಗಿ ಬಣ್ಣ ಬಳಿದ ಜಾಗದ ಮೇಲೆ ಬಿಗಿಯಲ್ಪಡಬಹುದು. ಬಣ್ಣವೂ ರಬ್ಬರಿನಷ್ಟೇ ಕೆಟ್ಟ ವಾಹಕ.

ಈಗ ದೀಪಗಳ ವಿಷಯ ಗಮನಿಸಿ. ಹೆಡ್‌ಲೈಟಿನ ಅರ್ತಿಂಗ್ ಬಾಡಿಗೆ ಸೇರಿರುತ್ತದೆ, ಇಂಜಿನ್ನಿಗೆ ಅಲ್ಲ. ಆದ್ದರಿಂದ ಇಂಜಿನ್ನಿನ ಪಟ್ಟಿ ಇಲ್ಲದಿದ್ದರೂ ದೀಪ ಪ್ರಕಾಶಮಾನವಾಗಿ ಉರಿಯುತ್ತದೆ. ಕೀಲಿ ತಿರುಗಿಸಿದಾಗ ದೀಪ ಮಂಕಾಗದೆ ಟಕ್ ಎಂಬ ಸದ್ದು ಮಾತ್ರ ಬಂದರೆ ಮೊದಲ ಸಂಶಯ ಈ ಪಟ್ಟಿಯ ಮೇಲಿರಲಿ. ದೀಪ ಪೂರ್ತಿ ಆರಿಹೋದರೆ ಸಂಶಯ ಬ್ಯಾಟರಿ ಮತ್ತು ಅದರ ಟರ್ಮಿನಲ್ಲುಗಳ ಮೇಲಿರಲಿ.

ಇನ್ನೊಂದು ಗುರುತು ಇದೆ. ಪಟ್ಟಿ ಇಲ್ಲದಾಗ ಸ್ಟಾರ್ಟರಿನ ಕರೆಂಟು ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್ಲು, ಇಂಜಿನ್ ನಿಲ್ಲಿಸುವ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು ಇವುಗಳ ಮೂಲಕ ಹಿಂದಿರುಗಲು ಯತ್ನಿಸುತ್ತದೆ. ಎರಡು ಮೂರು ಬಾರಿ ಕೀಲಿ ತಿರುಗಿಸಿದ ಮೇಲೆ ಈ ಕೇಬಲ್ಲುಗಳ ಹೊರಕವಚ ಬಿಸಿಯಾಗಿದ್ದರೆ ಅಥವಾ ಹೊಗೆಯಾಡಿದರೆ ಬೇರೆ ಪುರಾವೆಯೇ ಬೇಡ. ಕೂಡಲೇ ನಿಲ್ಲಿಸಿ, ಇಲ್ಲವಾದರೆ ಬೆಂಕಿ ಹತ್ತುವ ಅಪಾಯವಿದೆ.

ಸಂಶಯ ನಿವಾರಣೆಗೆ ಉಪಾಯ ಸುಲಭ. ಬೇರೆ ಬ್ಯಾಟರಿಯಿಂದ ಚಾರ್ಜು ಪಡೆಯಲು ಬಳಸುವ ದಪ್ಪ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ನಿಮ್ಮ ಬ್ಯಾಟರಿಯ ಋಣ ಧ್ರುವಕ್ಕೂ, ಇನ್ನೊಂದು ತುದಿಯನ್ನು ಇಂಜಿನ್ನಿನ ಬರಿ ಲೋಹಕ್ಕೂ ಕಚ್ಚಿಸಿ ಕೀಲಿ ತಿರುಗಿಸಿ. ಇಂಜಿನ್ ಜೋರಾಗಿ ತಿರುಗಿದರೆ ಸ್ಟಾರ್ಟರ್ ಸರಿ, ಬ್ಯಾಟರಿ ಸರಿ. ಕೆಟ್ಟಿರುವುದು ಅರ್ತಿಂಗ್ ದಾರಿ ಮಾತ್ರ.

ಮೀಟರು ಇದ್ದರೆ ಇನ್ನೂ ನಿಖರವಾಗಿ ತಿಳಿಯಬಹುದು. ಇಂಜಿನ್ ಚಾಲೂ ಆಗದಂತೆ ಡೀಸೆಲ್ಲಿನಲ್ಲಿ ಸ್ಟಾಪ್ ಗುಂಡಿ ಎಳೆದು ಹಿಡಿಯಿರಿ. ಪೆಟ್ರೋಲಿನಲ್ಲಿ ಕಾಯಿಲ್‌ಗೆ ಬರುವ ತಂತಿ ಬಿಚ್ಚಿರಿ. ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಕೆಳಗಿನ ಮೂರು ಅಳತೆ ತೆಗೆದುಕೊಳ್ಳಿ.

ಅ) ಬ್ಯಾಟರಿಯ ಎರಡು ಧ್ರುವಗಳ ನಡುವೆ: 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಪೂರ್ಣ ಚಾರ್ಜಾದ ಬ್ಯಾಟರಿ ಅದಕ್ಕಿಂತ ಇಳಿದರೆ ಬ್ಯಾಟರಿ ದುರ್ಬಲ, ಅಥವಾ ಇಂಜಿನ್ ಬಹಳ ಬಿಗಿ.

ಆ) ಬ್ಯಾಟರಿಯ ಋಣ ಧ್ರುವ ಮತ್ತು ಸ್ಟಾರ್ಟರಿನ ಮೈ ನಡುವೆ: ಕಾಲು ವೋಲ್ಟಿಗಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ ಅರ್ತಿಂಗ್ ದಾರಿಯಲ್ಲಿ ದೋಷ.

ಇ) ಬ್ಯಾಟರಿಯ ಧನ ಧ್ರುವ ಮತ್ತು ಸ್ಟಾರ್ಟರಿನ ದಪ್ಪ ಕೇಬಲ್ಲಿನ ಬೋಲ್ಟಿನ ನಡುವೆ: ಅರ್ಧ ವೋಲ್ಟಿಗಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ ಕೇಬಲ್ಲು ತೆಳುವಾಗಿದೆ ಅಥವಾ ಜೋಡಣೆ ಕೆಟ್ಟಿದೆ.

ಅಳೆಯುವಾಗ ಮೀಟರಿನ ಮುಳ್ಳನ್ನು ಕೇಬಲ್ಲಿನ ಕ್ಲಾಂಪಿಗೆ ಅಲ್ಲ, ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಬೇಕು. ಕ್ಲಾಂಪಿಗೂ ಕಂಬಕ್ಕೂ ನಡುವೆಯೇ ದೋಷ ಅಡಗಿರುವುದುಂಟು. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟರೆ ಮಾತು ಬಹಳ ಕಡಿಮೆಯಾಗುತ್ತದೆ, ಬಿಲ್ಲೂ ಕಡಿಮೆಯಾಗುತ್ತದೆ.

ಪರಿಹಾರ ಸರಳ. ಪಟ್ಟಿ ಕೂಡುವ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಮಲೆನಾಡಿನ ತೇವದಲ್ಲಿ ಈ ಕೊನೆಯ ಕೆಲಸವನ್ನು ಮರೆತರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಂದಿರುಗುತ್ತದೆ.

ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ

ಇಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಇಂಜಿನ್ನುಗಳ ದಾರಿ ಬೇರೆಯಾಗುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಕೀಲಿ ಹಿಡಿದಿರುವಷ್ಟು ಹೊತ್ತು ಹೊತ್ತಿಕೊಂಡು, ಬಿಟ್ಟ ಕೂಡಲೇ ಆರಿಹೋದರೆ, ಚಾಲೂ ಮಾಡುವಾಗ ಕಾಯಿಲ್‌ಗೆ ಹೋಗುವ ತಂತಿ ಸರಿಯಾಗಿದೆ, ಓಡುವಾಗ ಹೋಗಬೇಕಾದ ತಂತಿ ಅಥವಾ ಅದರ ಬಲಾಸ್ಟ್ ನಿರೋಧಕ ಸರಿಯಾಗಿಲ್ಲ ಎಂದು ತಿಳಿಯಬೇಕು.

ಡೀಸೆಲ್ಲಿಗೆ ಕಿಡಿ ಬೇಡ. ಆದರೆ ವಿದ್ಯುತ್ ಬೇಡವೆಂದಲ್ಲ. ಕೆಲವು ಡೀಸೆಲ್ ಪಂಪುಗಳನ್ನು ಕೈಯಿಂದ ಎಳೆಯುವ ಕೇಬಲ್ಲಿನಿಂದ ನಿಲ್ಲಿಸುತ್ತೇವೆ. ಅವಕ್ಕೆ ಓಡಲು ಕರೆಂಟು ಬೇಕಿಲ್ಲ. ಆದರೆ ಅನೇಕ ರೋಟರಿ ಪಂಪುಗಳಲ್ಲಿ ಡೀಸೆಲ್ ಬಿಡುವ ಬಾಗಿಲು ಒಂದು ಸಾಲಿನಾಯ್ಡ್. ಅದಕ್ಕೆ 12 ವೋಲ್ಟ್ ಸಿಕ್ಕಿದರೆ ಮಾತ್ರ ಡೀಸೆಲ್ ಹರಿಯುತ್ತದೆ. ಹಳೆಯ ಇಂಜಿನ್ನಿನಲ್ಲಿ ಈ ವ್ಯವಸ್ಥೆ ಇಲ್ಲದಿದ್ದರೆ ಹಳೆಯ ವಯರಿಂಗಿನಲ್ಲಿ ಅದಕ್ಕೆ ತಂತಿಯೇ ಇರುವುದಿಲ್ಲ. ಆಗ ಎಲೆಕ್ಟ್ರಿಷಿಯನ್ ಸಮೀಪದ ಯಾವುದೋ ತಂತಿಯಿಂದ ಕರೆಂಟು ತೆಗೆದುಕೊಡುತ್ತಾನೆ. ಅದು ರೇಡಿಯೋ, ವೈಪರ್‌ಗಳ ತಂತಿಯಾಗಿದ್ದರೆ ಒಂದು ವಿಚಿತ್ರ ನಡೆಯುತ್ತದೆ. ಕೀಲಿಯನ್ನು ಸ್ಟಾರ್ಟ್ ಕಡೆಗೆ ತಿರುಗಿಸಿದಾಗ ಅನೇಕ ಸ್ವಿಚ್ಚುಗಳು ಬ್ಯಾಟರಿಯ ಹೊರೆ ತಗ್ಗಿಸಲು ಆ ತಂತಿಗಳ ಕರೆಂಟನ್ನು ಕಡಿದುಬಿಡುತ್ತವೆ. ಇಂಜಿನ್ ತಿರುಗುವ ಹೊತ್ತಿಗೇ ಡೀಸೆಲ್ಲಿನ ಬಾಗಿಲು ಮುಚ್ಚುತ್ತದೆ! ಕೀಲಿ ಆನ್ ಮಾಡಿ ನೋಡಿದರೆ ಕರೆಂಟು ಇರುತ್ತದೆ, ಆದ್ದರಿಂದ ದೋಷ ಕಾಣುವುದಿಲ್ಲ. ಪರೀಕ್ಷಾ ದೀಪವನ್ನು ಈ ಸಾಲಿನಾಯ್ಡಿನ ತಂತಿಗೆ ಹಚ್ಚಿ, ಕೀಲಿ ಆನ್ ಇರುವಾಗ ಮಾತ್ರವಲ್ಲ, ಇಂಜಿನ್ ತಿರುಗುತ್ತಿರುವಾಗಲೂ ಉರಿಯುವುದೇ ಎಂದು ನೋಡಬೇಕು. ಪರೀಕ್ಷೆಗೆ ಅರ್ಧ ಗಂಟೆಯೂ ಬೇಡ. ಇದನ್ನು ಮಾಡದೆ ಪಂಪನ್ನು ಬಿಚ್ಚಿಸಿದರೆ ಆಗುವ ಖರ್ಚು ಸಣ್ಣದಲ್ಲ.

ಇನ್ನು ಗ್ಲೋ ಪ್ಲಗ್. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಹೀಟರ್ ಪ್ಲಗ್ ಎನ್ನುತ್ತಾರೆ. ಮುಂಗೋಣೆ ಇರುವ ಡೀಸೆಲ್ ಇಂಜಿನ್ನುಗಳು ಡಿಸೆಂಬರ್, ಜನವರಿಯ ಚಳಿಯ ಬೆಳಗಿನಲ್ಲಿ ಇದಿಲ್ಲದೆ ಹೊತ್ತಿಕೊಳ್ಳಲು ಹಟ ಮಾಡುತ್ತವೆ. ಮಧ್ಯಾಹ್ನ ಸುಲಭವಾಗಿ ಚಾಲೂ ಆಗಿ ಬೆಳಿಗ್ಗೆ ಮಾತ್ರ ಕಾಡುವ ಇಂಜಿನ್ನಿನಲ್ಲಿ ಇವುಗಳನ್ನು ಪರೀಕ್ಷಿಸಿ. ಪ್ಲಗ್ಗಿನ ಮೇಲಿನ ತಂತಿ ಬಿಚ್ಚಿ, ಪರೀಕ್ಷಾ ದೀಪವನ್ನು ಬ್ಯಾಟರಿಯ ಧನ ಧ್ರುವಕ್ಕೂ ಪ್ಲಗ್ಗಿನ ತಲೆಗೂ ಹಚ್ಚಿದರೆ ದೀಪ ಉರಿಯಬೇಕು. ಉರಿಯದ ಪ್ಲಗ್ ಸುಟ್ಟಿದೆ. ನಾಲ್ಕೂ ಪ್ಲಗ್ಗುಗಳು ಸೇರಿ ಎಳೆಯುವ ಕರೆಂಟು ಬಹಳ ಹೆಚ್ಚಾದ್ದರಿಂದ ಅವನ್ನು ನೇರವಾಗಿ ಕೀಲಿ ಸ್ವಿಚ್ಚಿಗೆ ಕೂಡಿಸಬಾರದು. ರಿಲೇ ಮೂಲಕವೇ ಕೂಡಿಸಬೇಕು. ಇಲ್ಲವಾದರೆ ಸ್ವಿಚ್ಚು ಸುಡುತ್ತದೆ.

ನಾಲ್ಕನೆಯ ದಿನದ ಕಾಯಿಲೆ

ಕೆಲವು ವಾಹನಗಳು ಮೂರು ದಿನ ಚೆನ್ನಾಗಿ ಚಾಲೂ ಆಗಿ ನಾಲ್ಕನೆಯ ಬೆಳಿಗ್ಗೆ ನಿಲ್ಲುತ್ತವೆ. ಬ್ಯಾಟರಿಗೆ ಹೊರಗಿನಿಂದ ಚಾರ್ಜು ಮಾಡಿಸಿದರೆ ಮತ್ತೆ ಮೂರು ದಿನ. ಇದರ ಮೂಲ ಬ್ಯಾಟರಿಯಲ್ಲಿರದೆ ಆಲ್ಟರ್ನೇಟರಿನ ತಂತಿಯಲ್ಲಿರಬಹುದು. ಅನೇಕ ಆಲ್ಟರ್ನೇಟರುಗಳು ಕೆಲಸ ಆರಂಭಿಸಲು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ದೀಪದ ಮೂಲಕ ಸ್ವಲ್ಪ ಕರೆಂಟು ಬರಬೇಕು. ಆ ಪುಟ್ಟ ಬಲ್ಬು ಸುಟ್ಟಿದ್ದರೆ ಅಥವಾ ಅದರ ತಂತಿ ಕೂಡಿಸದಿದ್ದರೆ ಚಾರ್ಜೇ ಆಗದಿರಬಹುದು. ಕೀಲಿ ಆನ್ ಮಾಡಿದಾಗ ಕೆಂಪು ದೀಪ ಹೊತ್ತಬೇಕು, ಇಂಜಿನ್ ಓಡಿದಾಗ ಆರಬೇಕು. ಹೊತ್ತದೆಯೇ ಇದ್ದರೆ ಸಂತೋಷಪಡಬೇಡಿ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಕಾಣಬೇಕು. ಇದನ್ನು ತಿಳಿಯಲೆಂದು ಓಡುವ ಇಂಜಿನ್ನಿನ ಬ್ಯಾಟರಿ ತಂತಿಯನ್ನು ಕಳಚಿ ನೋಡುವ ಹಳೆಯ ಪದ್ಧತಿ ಅಪಾಯಕಾರಿ. ಅದರಿಂದ ಆಲ್ಟರ್ನೇಟರ್ ಹಾಳಾಗುತ್ತದೆ.

ಧನ ಧ್ರುವವನ್ನು ಅರ್ತಿಂಗ್ ಮಾಡಿದ ಕೆಲವು ಹಳೆಯ ವಾಹನಗಳು ಇನ್ನೂ ಉಳಿದಿವೆ. ಅವುಗಳಿಗೆ ಈಚಿನ ಇಂಜಿನ್, ಆಲ್ಟರ್ನೇಟರ್ ಕೂಡಿಸುವಾಗ ಋಣ ಧ್ರುವದ ಅರ್ತಿಂಗ್‌ಗೆ ಬದಲಾಯಿಸುವುದು ಕಡ್ಡಾಯ.

ಕಂಪ್ಯೂಟರ್ ಇರುವ ಇಂಜಿನ್ನುಗಳು

ಕಾಮನ್ ರೈಲ್ ಡೀಸೆಲ್ ಮತ್ತು ಈಚಿನ ಪೆಟ್ರೋಲ್ ಇಂಜಿನ್ನುಗಳನ್ನು ಕಾರುಗಳಿಗೆ, ಪಿಕಪ್ ಗಾಡಿಗಳಿಗೆ ಕೂಡಿಸುವವರು ಒಂದು ವಿಷಯ ಮರೆಯಬಾರದು. ಈ ಇಂಜಿನ್ನಿಗೆ ಕೈಕಾಲು ಮಾತ್ರವಲ್ಲ, ತಲೆಯೂ ಇದೆ. ಅದರ ನಿಯಂತ್ರಣ ಪೆಟ್ಟಿಗೆ, ಪೂರ್ತಿ ವಯರಿಂಗ್ ಮತ್ತು ಅದಕ್ಕೆ ಹೊಂದಿದ ಕೀಲಿ ಇವುಗಳನ್ನು ಇಂಜಿನ್ನಿನ ಜೊತೆಯಲ್ಲಿಯೇ ಕೊಳ್ಳಬೇಕು. ಕಳ್ಳತನ ತಡೆಯುವ ಇಮೊಬಿಲೈಸರ್ ತನ್ನ ಕೀಲಿಯನ್ನು ಗುರುತಿಸದಿದ್ದರೆ ಇಂಜಿನ್ ಹೊತ್ತಿಕೊಳ್ಳದು. ಕ್ರ್ಯಾಂಕಿನ ಸೆನ್ಸರ್ ಸಂಕೇತ ಕೊಡದಿದ್ದರೂ ಅಷ್ಟೆ. ಇಂತಹ ಸೆನ್ಸರ್ ತಂತಿಗಳಿಗೆ ಪರೀಕ್ಷಾ ದೀಪ ಹಚ್ಚಬೇಡಿ. ಅದರ ಕರೆಂಟು ನಿಯಂತ್ರಣ ಪೆಟ್ಟಿಗೆಯನ್ನು ಸುಡಬಹುದು. ಮೀಟರನ್ನು ಮಾತ್ರ ಬಳಸಬೇಕು. ಆದರೆ ಇಲ್ಲಿಯೂ ಬ್ಯಾಟರಿ ಮತ್ತು ಅರ್ತಿಂಗ್‌ಗಳ ಪರೀಕ್ಷೆಯೇ ಮೊದಲನೆಯದು. ವೋಲ್ಟೇಜು ಇಳಿದರೆ ಕಂಪ್ಯೂಟರೂ ಗೊಂದಲಕ್ಕೀಡಾಗುತ್ತದೆ.

ಹಣ ಕೊಡುವ ಮುನ್ನ ಕೇಳಬೇಕಾದುದು

ಹತ್ತಿಯ ಬೀಜ ಕೊಳ್ಳುವಾಗ ಚೀಲದ ಮೇಲಿನ ಚೀಟಿ ಓದುವ ನೀವು, ಇಂಜಿನ್ ಹಾಕಿಸುವಾಗ ಬಾಯಿಮಾತಿಗೆ ಒಪ್ಪಬಾರದು. ಕೆಲಸ ಒಪ್ಪಿಸುವಾಗಲೇ ಈ ಷರತ್ತುಗಳನ್ನು ಬರೆಸಿಕೊಳ್ಳಿ. ಇಂಜಿನ್ ಇಳಿಸುವ ಮೊದಲು ಪ್ರತಿ ತಂತಿಗೂ ಚೀಟಿ ಕಟ್ಟಬೇಕು, ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಎಲೆಕ್ಟ್ರಿಷಿಯನ್ ನೋಡುವವರೆಗೆ ಹಳೆಯ ಇಂಜಿನ್ ಹೊರಗೆ ಹೋಗಬಾರದು. ಹೊಸ ಅರ್ತಿಂಗ್ ಪಟ್ಟಿ ಮತ್ತು ತಕ್ಕ ದಪ್ಪದ ಕೇಬಲ್ಲು ಲೆಕ್ಕದಲ್ಲಿ ಸೇರಿರಬೇಕು. ವಾಹನ ಕೈಗೆ ಕೊಡುವಾಗ ಮೇಲೆ ಹೇಳಿದ ಮೂರು ಅಳತೆಗಳನ್ನೂ ಚಾರ್ಜಿಂಗ್ ವೋಲ್ಟೇಜನ್ನೂ ನಿಮ್ಮೆದುರಿನಲ್ಲಿ ತೋರಿಸಬೇಕು. ಕೊನೆಯ ಕಂತಿನ ಹಣವನ್ನು ಒಂದು ರಾತ್ರಿ ನಿಂತು ತಣ್ಣಗಾದ ಇಂಜಿನ್ ಮುಂಜಾನೆ ಚಾಲೂ ಆದ ಮೇಲೆಯೇ ಕೊಡಿ.

ಕಾನೂನಿನ ವಿಷಯವನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಅನುಮತಿ ಪಡೆಯದೆ ಇಂಜಿನ್ ಬದಲಾಯಿಸಿದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಕೆಲಸಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಕ್ಷೇಮ. ಇಂಧನವೇ ಬದಲಾಗುವುದಾದರೆ ಇದು ಇನ್ನೂ ಮುಖ್ಯ. ಪುಸ್ತಕದಲ್ಲಿ ಒಂದು ಇಂಜಿನ್ ಸಂಖ್ಯೆ, ವಾಹನದಲ್ಲಿ ಇನ್ನೊಂದು ಇದ್ದರೆ ಅಪಘಾತದ ದಿನ ವಿಮೆಯ ಹಣಕ್ಕೆ ತೊಡಕಾಗುತ್ತದೆ.

ಇದೆಲ್ಲ ರೈತನ ಕೆಲಸವೆ?

"ಪ್ರತಿಯೊಂದನ್ನೂ ರೈತನೇ ಕಲಿಯಬೇಕೆಂದರೆ ಹೇಗೆ? ಮೆಕ್ಯಾನಿಕ್ ಇರುವುದೇಕೆ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಇಂಜಿನ್ ಬಿಚ್ಚುವುದನ್ನು ರೈತ ಕಲಿಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ದನಕ್ಕೆ ಜ್ವರವಿದೆಯೇ, ಹೊಟ್ಟೆ ಉಬ್ಬರವಿದೆಯೇ ಎಂದು ಹೇಳಬಲ್ಲ ರೈತನಿಗೆ ಪಶುವೈದ್ಯರಿಂದ ಸಿಗುವ ಉಪಕಾರ, "ಏನೋ ಆಗಿದೆ, ಬನ್ನಿ" ಎನ್ನುವವನಿಗೆ ಸಿಗುವುದಿಲ್ಲ. ಪೇಟೆಯಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ತೋಟಕ್ಕೆ ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಬರುವವನಿಗೆ "ಟಕ್ ಎನ್ನುತ್ತದೆ, ದೀಪ ಮಂಕಾಗುವುದಿಲ್ಲ, ಅರ್ತಿಂಗ್ ಕಡೆ ಎರಡು ವೋಲ್ಟ್ ನಷ್ಟ" ಎಂದು ದೂರವಾಣಿಯಲ್ಲಿಯೇ ಹೇಳಿದರೆ ಅವನು ಬೇಕಾದ ಪಟ್ಟಿಯನ್ನು ಜೊತೆಗೇ ತರುತ್ತಾನೆ. ಒಳ್ಳೆಯ ಕಸುಬುದಾರ ಇಂತಹ ಗಿರಾಕಿಯನ್ನು ಮೆಚ್ಚುತ್ತಾನೆ.

ನಮ್ಮ ಕೃಷಿ ವಿಜ್ಞಾನ ಕೇಂದ್ರಗಳು ಟ್ರ್ಯಾಕ್ಟರ್, ಪವರ್ ಟಿಲ್ಲರುಗಳ ನಿರ್ವಹಣೆಯ ತರಬೇತಿ ನಡೆಸುವಾಗ ಒಂದು ಮಧ್ಯಾಹ್ನವನ್ನು 12 ವೋಲ್ಟಿನ ವ್ಯವಸ್ಥೆಗಾಗಿ ಮೀಸಲಿಡುವುದು ಒಳಿತು. ಬ್ಯಾಟರಿ, ಸ್ಟಾರ್ಟರ್, ಅರ್ತಿಂಗ್‌ಗಳ ಪಾಠ ಜೀಪಿಗೆ ಎಷ್ಟು ಉಪಯುಕ್ತವೋ ಟ್ರ್ಯಾಕ್ಟರಿಗೂ ಅಷ್ಟೇ ಉಪಯುಕ್ತ. ಶಿಬಿರಕ್ಕೆ ಬಂದ ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಒಂದು ಪರೀಕ್ಷಾ ದೀಪ ತಯಾರಿಸಿಕೊಂಡು ಮನೆಗೆ ಹೋಗುವಂತಾಗಲಿ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ಬಲ್ಬು, ಎರಡು ತಂತಿ, ಎರಡು ಕ್ಲಿಪ್ಪು ಇಂದೇ ತನ್ನಿ. ವಾಹನ ಸರಿಯಾಗಿ ಓಡುತ್ತಿರುವಾಗಲೇ ಮೇಲಿನ ಅಳತೆಗಳನ್ನು ಒಮ್ಮೆ ತೆಗೆದು, ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನಾಂಕದೊಡನೆ ಬರೆದಿಡಿ. ಕೆಟ್ಟ ದಿನ ಬಂದಾಗ ಹೋಲಿಸಿ ನೋಡಲು ಒಳ್ಳೆಯ ದಿನದ ಅಂಕಿಗಳು ನಿಮ್ಮ ಬಳಿ ಇರುತ್ತವೆ.